ಐರ್ಲೆಂಡಿಗೆ ಹೋಗುವವರು ಒಂದು ಪರ್ಯಾಯದ್ವೀಪವನ್ನಾದರೂ ನಡೆದು ನೋಡಲಿ

ಸಂಪಾದಕರಿಗೆ,

ಮಾನ್ಯರೇ,

ಪ್ರವಾಸ ಪುಟಗಳಲ್ಲಿ ಐರ್ಲೆಂಡ್ ಬಂದಾಗಲೆಲ್ಲ ಅದೇ ಪಟ್ಟಿ ಕಾಣುತ್ತದೆ: ಡಬ್ಲಿನ್‌ನಲ್ಲಿ ಎರಡು ದಿನ, ಮೂರನೇ ದಿನ ಬಸ್ಸು ಹತ್ತಿ ಮೋಹರ್ ಕಡಲ ಬಂಡೆಗಳು, ರಾತ್ರಿ ವಾಪಸು. ಹೋಗಲು ಮೂರು ಗಂಟೆಗೂ ಹೆಚ್ಚು, ಬರಲು ಅಷ್ಟೇ. 214 ಮೀಟರ್ ಎತ್ತರದ ಬಂಡೆಗಳನ್ನು ನೋಡಲು ಉಳಿಯುವ ಹೊತ್ತು ತೀರಾ ಕಡಿಮೆ, ಮಂಜು ಇಳಿದಿದ್ದರೆ ಅದೂ ದಂಡ. ಅಷ್ಟು ದುಡ್ಡು ಸುರಿದು ಹೋಗುವ ಓದುಗರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಒಂದು ವಾರಕ್ಕೆ ಒಂದೇ ಪರ್ಯಾಯದ್ವೀಪ ಆರಿಸಿಕೊಂಡು, ಅದನ್ನು ಕಾಲ್ನಡಿಗೆಯಲ್ಲಿ ನೋಡುವುದು.

ಮೊದಲ ಸಲಕ್ಕೆ ನೈಋತ್ಯದ ಡಿಂಗಲ್ ಸೂಕ್ತ. ಡಬ್ಲಿನ್‌ನಿಂದ ಟ್ರಲೀವರೆಗೆ ರೈಲಿದೆ. ಡಿಂಗಲ್ ವೇ ಎಂಬ ಕಾಲ್ನಡಿಗೆಯ ಹಾದಿ ಅಲ್ಲೇ ಶುರುವಾಗಿ ಸುಮಾರು 180 ಕಿ.ಮೀ. ಸುತ್ತಿ ಅಲ್ಲಿಗೇ ಬಂದು ಸೇರುತ್ತದೆ. ಪೂರ್ತಿ ನಡೆಯಲು ಎಂಟೊಂಬತ್ತು ದಿನ ಬೇಕು. ಅಷ್ಟು ಬಿಡುವಿಲ್ಲದವರು ಟ್ರಲೀ ಕಡೆಯ ಮೊದಲ ಭಾಗ ಬಿಟ್ಟು ಡಿಂಗಲ್ ಪಟ್ಟಣದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ನಡೆಯಬಹುದು. ಆ ಭಾಗದಲ್ಲೇ ಹೆಚ್ಚು ಸಿಗುತ್ತದೆ: ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ, ಬೋರಲು ಹಾಕಿದ ದೋಣಿಯಂತೆ ಕಟ್ಟಿದ ಗ್ಯಾಲರಸ್ ಪ್ರಾರ್ಥನಾ ಮಂದಿರ, 1953ರಲ್ಲಿ ಕೊನೆಯ ನಿವಾಸಿಗಳನ್ನೂ ಸ್ಥಳಾಂತರಿಸಿದ ಬ್ಲಾಸ್ಕೆಟ್ ದ್ವೀಪ ಎದುರಿಗೆ ಕಾಣುವ ಡನ್‌ಕ್ವಿನ್ ತೀರ, 952 ಮೀಟರ್ ಎತ್ತರದ ಬ್ರ್ಯಾಂಡನ್ ಬೆಟ್ಟದ ಉತ್ತರದ ಹೆಗಲು. ಆ ಹೆಗಲಿನ ಮೇಲೆ ಓಗಮ್ ಎಂಬ ಪ್ರಾಚೀನ ಐರಿಷ್ ಲಿಪಿಯ ಕಲ್ಲೊಂದು ನಿಂತಿದೆ. ಅಕ್ಷರ ಎಂದರೆ ಕಲ್ಲಿನ ಅಂಚಿಗೆ ಕಡಿದ ಗೀಟುಗಳು. ಎಷ್ಟು ಗೀಟು, ಅಂಚಿನ ಯಾವ ಪಕ್ಕಕ್ಕೆ, ನೇರವೋ ಓರೆಯೋ ಎಂಬುದರ ಮೇಲೆ ಅಕ್ಷರ ಬದಲಾಗುತ್ತದೆ. ಬೆರಳಾಡಿಸಿದರೆ ಕೈಗೆ ಸಿಗುವ ಆ ಬರಹಕ್ಕೆ ಸಾವಿರದೈನೂರು ವರ್ಷದ ಆಸುಪಾಸು ವಯಸ್ಸು. ಬಸ್ಸು ಅಲ್ಲಿಗೆ ಹೋಗುವುದಿಲ್ಲ.

ಎಡವುವುದು ಎಲ್ಲಿ ಎಂದರೆ ದೂರದ ಲೆಕ್ಕದಲ್ಲಿ. 20 ಕಿ.ಮೀ. ಅಂದರೆ ನಾಲ್ಕು ಗಂಟೆ ಎಂದು ರಸ್ತೆಯ ಲೆಕ್ಕ ಹಾಕಿ ಹೊರಟವರು ಏಳು ಗಂಟೆಯಾದರೂ ಊರು ಸೇರುವುದಿಲ್ಲ. ಗಟ್ಟಿ ನೆಲದಲ್ಲಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂಬುದು ಬೆಟ್ಟ ಹತ್ತುವವರ ಹಳೆಯ ಸೂತ್ರ. ಐರ್ಲೆಂಡಿನ ಪೀಟ್ ಜೌಗಿನಲ್ಲಿ ಗಂಟೆಗೆ 3 ಕಿ.ಮೀ. ಆದರೆ ಪುಣ್ಯ. ಸಾವಿರಾರು ವರ್ಷ ಪಾಚಿ, ಹುಲ್ಲು ಕೊಳೆಯದೆ ಪದರಪದರವಾಗಿ ಕೂತು ಆದ ಕಪ್ಪು ನೆಲ ಅದು, ನೀರು ಕುಡಿದ ಸ್ಪಂಜಿನ ಹಾಗೆ. ಅದನ್ನು ಬಣ್ಣ ನೋಡಿ ಓದಬೇಕು. ಕಣ್ಣು ಕುಕ್ಕುವ ತಿಳಿಹಸಿರು ಪಾಚಿ ಕಂಡರೆ ಅದರಡಿ ನೀರು, ಕಾಲಿಡಬೇಡಿ. ಹತ್ತಿಯಂಥ ಬಿಳಿ ಕುಚ್ಚು ತೂಗುತ್ತಿದ್ದರೆ ಅಲ್ಲಿಯೂ ಹಸಿ. ಹೆದರ್ ಪೊದೆ ಬೆಳೆದ ದಿಬ್ಬ ಸಾಮಾನ್ಯವಾಗಿ ಕಾಲು ತಡೆಯುತ್ತದೆ. ಆದರೆ ಗುರುತು ಮಾಡಿದ ಹಾದಿಯಲ್ಲಿ ಕೆಸರು ಬಂದಾಗ ಪಕ್ಕಕ್ಕೆ ಸರಿಯದೆ ನಡುವೆಯೇ ತುಳಿದು ಹೋಗುವುದು ಸರಿ. ಒಬ್ಬೊಬ್ಬರೂ ಒಂದಡಿ ಸರಿದರೆ ಹಾದಿ ಅಗಲವಾಗುತ್ತ, ಪೀಟ್ ಕಿತ್ತು ಮಳೆಗೆ ಕೊಚ್ಚಿಹೋಗುತ್ತದೆ. ಡಬ್ಲಿನ್ ದಕ್ಷಿಣದ ವಿಕ್ಲೋ ವೇಯಲ್ಲಿ, ಜೌಸ್ ಬೆಟ್ಟದ ಬಳಿ, ರೈಲು ಹಳಿಯ ಹಳೇ ಮರದ ತೊಲೆಗಳನ್ನು ಹಾಸಿರುವುದು ಇದೇ ಕಾರಣಕ್ಕೆ. 1980ರಲ್ಲಿ ತೆರೆದ ಆ ಹಾದಿ ದೇಶದ ಮೊದಲ ಗುರುತಿನ ದೂರಹಾದಿ. ಒಂದೆರಡು ದಿನ ಮಾತ್ರ ಇರುವವರು ಮೋಹರ್ ಬದಲು ಈ ವಿಕ್ಲೋ ಹಾದಿಯಲ್ಲಿ ಸಿಗುವ ಗ್ಲೆಂಡಲಾಕ್ ಕಣಿವೆಗೆ ಹೋಗಲಿ.

ಮಳೆಯ ವಿಷಯ. ಪಶ್ಚಿಮದ ಕೆಲವೆಡೆ ವರ್ಷಕ್ಕೆ ಸುಮಾರು 225 ದಿನ, ಪೂರ್ವ ಕರಾವಳಿಯಲ್ಲಿ ಸುಮಾರು 150 ದಿನ ಮಳೆ. ಧೋ ಎಂದು ಸುರಿಯುವುದು ಕಡಿಮೆ. ಗಾಳಿಯ ಜೊತೆ ಅಡ್ಡಡ್ಡ ಬರುವ ಹನಿಯೇ ಜಾಸ್ತಿ. ಕೊಡೆ ಅರ್ಧ ಗಂಟೆಯಲ್ಲಿ ಕಡ್ಡಿ ಮುರಿದುಕೊಳ್ಳುತ್ತದೆ. ಜೀನ್ಸ್, ಹತ್ತಿ ಬನಿಯನ್ ನೆನೆದರೆ ಒಣಗುವುದಿಲ್ಲ, ಮೈಯ ಬಿಸಿಯನ್ನೇ ಹೀರುತ್ತವೆ. ಜುಲೈಯಲ್ಲೂ ಬೆಟ್ಟದ ಮೇಲೆ ನಡುಕ ಹುಟ್ಟುವುದು ಹೀಗೆ. ಟೊಪ್ಪಿಗೆಯಿರುವ ಮಳೆ ಅಂಗಿ, ಮಳೆ ಪ್ಯಾಂಟು, ಉಣ್ಣೆಯ ಎರಡು ಜೊತೆ ಕಾಲುಚೀಲ, ಪಾದದ ಗಂಟು ಮುಚ್ಚುವ ಬೂಟು ಕಡ್ಡಾಯ ಎಂದುಕೊಳ್ಳಿ. ನೆನೆದ ಬೂಟನ್ನು ಬೆಂಕಿಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೇ ಪತ್ರಿಕೆ ತುರುಕಿ, ಒಂದು ಗಂಟೆಯ ನಂತರ ಕಾಗದ ಬದಲಿಸಿದರೆ ಬೆಳಿಗ್ಗೆಗೆ ಹಾಕಿಕೊಳ್ಳುವಂತಿರುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಮೇ, ಜೂನ್ ನಡಿಗೆಗೆ ಅತ್ಯುತ್ತಮ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಸ್ಕಾಟ್ಲೆಂಡಿನಲ್ಲಿರುವಂತೆ ಎಲ್ಲೆಂದರಲ್ಲಿ ನಡೆಯುವ ಹಕ್ಕು ಐರ್ಲೆಂಡಿನಲ್ಲಿ ಇಲ್ಲ. ಹಾದಿಗಳು ಬಹಳ ಕಡೆ ರೈತರ ಜಮೀನಿನ ಮೇಲೆ, ಅವರ ಒಪ್ಪಿಗೆಯ ಮೇಲೆ ನಿಂತಿವೆ. ಕಪ್ಪು ಕಂಬದ ಮೇಲಿನ ಹಳದಿ ನಡಿಗೆಯ ಮನುಷ್ಯನ ಗುರುತನ್ನು ಬಿಟ್ಟು ಹೊಲಕ್ಕೆ ಇಳಿಯಬಾರದು. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಹತ್ತಲೇಬೇಕಾದರೆ ಕೀಲು ಇರುವ ಬದಿಯಲ್ಲಿ ಹತ್ತಿ, ಇಲ್ಲವಾದರೆ ಗೇಟು ಜೋತುಬೀಳುತ್ತದೆ. ಕುರಿಗಳಿರುವಲ್ಲಿ ನಾಯಿ ಬೇಡ. ಕೆಲವರು ಬೇಕಾಬಿಟ್ಟಿ ನಡೆದುಕೊಂಡದ್ದಕ್ಕೆ ರೈತ ಹಾದಿ ಮುಚ್ಚಿದರೆ ಮುಂದೆ ಬರುವವರೆಲ್ಲ ಟಾರು ರಸ್ತೆ ಸುತ್ತಬೇಕು. ಮೋಹರ್ ಬಂಡೆಗಳ ಅಂಚಿನ ಹಾದಿಯ ಕೆಲವು ಭಾಗಗಳನ್ನು ಸಾವುಗಳಾದ ಮೇಲೆ 2024ರಲ್ಲಿ ಮುಚ್ಚಲಾಯಿತು. ಅಲ್ಲಿ ನಡೆಯುವ ಆಸೆಯಿದ್ದರೆ ಯಾವುದು ತೆರೆದಿದೆ ಎಂದು ಅಂದೇ ವಿಚಾರಿಸಿ, ಬೇಲಿ ದಾಟಬೇಡಿ. ಬೆಟ್ಟದಲ್ಲಿ ಅಪಾಯವಾದರೆ 112 ಅಥವಾ 999ಕ್ಕೆ ಕರೆ ಮಾಡಿ ಮೌಂಟನ್ ರೆಸ್ಕ್ಯೂ ಬೇಕೆಂದು ಹೇಳಬೇಕು.

ನಡೆದರೆ ಮಾತ್ರ ಕಿವಿಗೆ ಬೀಳುವುದು ಭಾಷೆ. ಡಿಂಗಲ್‌ನ ಪಶ್ಚಿಮ ತುದಿ ಗೇಲ್‌ಟಾಕ್ಟ್, ಅಂದರೆ ಐರಿಷ್ ಇನ್ನೂ ಮನೆಮಾತಾಗಿರುವ ಸೀಮೆ. ಅಲ್ಲಿ ರಸ್ತೆ ಫಲಕಗಳು ಐರಿಷ್‌ನಲ್ಲಷ್ಟೇ ಇರುವುದುಂಟು. ದಾರಿಯ ಊರುಗಳ ಎರಡೂ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳದವರು ಕವಲಿನಲ್ಲಿ ತಬ್ಬಿಬ್ಬಾಗುತ್ತಾರೆ. ಹೆಸರುಗಳೇ ನಕ್ಷೆ. ಬ್ಯಾಲಿ ಎಂದರೆ ನಮ್ಮ ಹಳ್ಳಿ ಇದ್ದಂತೆ, ಕಿಲ್ ಎಂದರೆ ಹೆಚ್ಚಾಗಿ ಚರ್ಚು, ನಾಕ್ ಎಂದರೆ ಗುಡ್ಡ, ಡೆರಿ ಎಂದರೆ ಓಕ್ ತೋಪು, ಗ್ಲೆಂಡಲಾಕ್ ಎಂದರೆ ಎರಡು ಸರೋವರಗಳ ಕಣಿವೆ. ರಸ್ತೆಗಿರುವ ಐರಿಷ್ ಪದದ ಬೇರಿನಲ್ಲಿ ಇರುವುದು 'ಬೋ', ಅಂದರೆ ಹಸು. ಆ ರಸ್ತೆಯ ಪದದ ಪುಟ್ಟ ರೂಪ ಬೋರೀನ್: ನಡುವೆ ಹುಲ್ಲಿನ ಪಟ್ಟಿ, ಎರಡೂ ಕಡೆ ಕಲ್ಲಿನ ಗೋಡೆ, ಒಂದು ಹಸು ಒಂದು ಆಳು ಹೋಗುವಷ್ಟು ಅಗಲ. ನಮಸ್ಕಾರಕ್ಕೆ ಅವರು ಹೇಳುವುದು 'ದೇವರು ನಿನ್ನೊಂದಿಗಿರಲಿ'. ಮರುಮಾತು 'ದೇವರೂ ಮೇರಿಯೂ ನಿನ್ನೊಂದಿಗಿರಲಿ'. ಕೊಟ್ಟದ್ದಕ್ಕಿಂತ ಹೆಚ್ಚು ಹಿಂದಿರುಗಿಸುವ ಈ ರೂಢಿ ಎಷ್ಟು ಚೆಂದ! ಸಂಜೆಯ ಓರೆ ಬಿಸಿಲಿನಲ್ಲಿ ಗುಡ್ಡದ ಇಳಿಜಾರು ನೋಡಿ. ಯಾರೂ ಉಳದ ಎತ್ತರದಲ್ಲಿ ಸಾಲು ಸಾಲು ಏರಿಮಡಿಗಳ ಗುರುತು ಎದ್ದು ಕಾಣುತ್ತದೆ. ಅವು ಆಲೂಗಡ್ಡೆ ಪಾತಿಗಳು. 1845ರಲ್ಲಿ ಶುರುವಾದ ಕ್ಷಾಮದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಎಷ್ಟೋ ಪಾತಿಗಳಿಗೆ ಮತ್ತೆ ಗುದ್ದಲಿ ಬೀಳಲಿಲ್ಲ. ನಡು ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಆ ಗೆರೆಗಳು ಕಾಣುವುದೇ ಕಷ್ಟ.

ಸಂಜೆಗೆ ಪಬ್. ಕುಡಿಯದವರೂ ಚಹಾ ಕೇಳಿ ಕೂರಬಹುದು. ಅಡುಗೆಮನೆ ಎಂಟು ಒಂಬತ್ತಕ್ಕೇ ಮುಚ್ಚುವುದುಂಟು, ಸಂಗೀತ ಶುರುವಾಗುವುದು ಒಂಬತ್ತೂವರೆಯ ಹೊತ್ತಿಗೆ. ಮೊದಲು ಊಟ ಮುಗಿಸಿ. ಸಸ್ಯಾಹಾರಿಗಳು ತರಕಾರಿ ಸೂಪಿಗೆ ಬಳಸಿದ ನೀರು ಮಾಂಸ ಬೇಯಿಸಿದ್ದೇ ಎಂದು ಕೇಳಿಯೇ ತಟ್ಟೆಗೆ ಕೈಹಾಕಲಿ. ಮಕ್ಕಳು ರಾತ್ರಿ ಒಂಬತ್ತರ ನಂತರ, ಮೇನಿಂದ ಸೆಪ್ಟೆಂಬರ್‌ವರೆಗೆ ಹತ್ತರ ನಂತರ, ಪಬ್ಬಿನಲ್ಲಿ ಇರುವಂತಿಲ್ಲ. ಪಿಟೀಲು, ಕೊಳಲು, ಕನ್ಸರ್ಟೀನಾ ಹಿಡಿದವರು ಮೂಲೆಯಲ್ಲಿ ಸುತ್ತ ಕೂರುತ್ತಾರೆ. ಆ ಕುರ್ಚಿಗಳು ಖಾಲಿ ಕಂಡರೂ ಕೂರಬೇಡಿ. ಅದು ಕಛೇರಿಯಲ್ಲ, ಅವರವರ ಕೂಟ. ವಾದ್ಯವಿಲ್ಲದೆ ಒಬ್ಬರು ಕಣ್ಣು ಮುಚ್ಚಿ ಹಾಡಲು ತೊಡಗಿದರೆ ಲೋಟ ಕೆಳಗಿಡುವ ಸದ್ದೂ ಆಗಬಾರದು.

ಕೊನೆಯದಾಗಿ ಕಾಗದಪತ್ರ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಲ್ಲುವ ಷೆಂಗೆನ್ ಕೂಟದಲ್ಲಿ ಐರ್ಲೆಂಡ್ ಇಲ್ಲ, ಷೆಂಗೆನ್ ವೀಸಾ ಅಲ್ಲಿ ನಡೆಯದು. ಭಾರತೀಯ ಪಾಸ್‌ಪೋರ್ಟಿಗೆ ಐರಿಷ್ ವೀಸಾ ಬೇರೆಯೇ ಬೇಕು. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಅಲ್ಲಿ ಪೌಂಡು ನಡೆಯುತ್ತದೆ. ಗಡಿಯಲ್ಲಿ ಗೇಟಿಲ್ಲ ಎಂದು ಅಲ್ಲಿನ ಕಲ್ಲುಕಂಬಗಳ ಕಡಲತೀರ ಜೈಂಟ್ಸ್ ಕಾಸ್‌ವೇ ನೋಡಲು ಬಸ್ಸು ಹತ್ತಿಬಿಟ್ಟರೆ ನಿಯಮ ಮುರಿದಂತೆ. ಎರಡೂ ಕಡೆ ಸಲ್ಲುವ ಬ್ರಿಟಿಷ್-ಐರಿಷ್ ಯೋಜನೆಯ ಮುದ್ರೆ ವೀಸಾದ ಮೇಲೆ ಇದೆಯೇ ನೋಡಿಕೊಳ್ಳಿ.

ಮುಂದಿನ ಸಲ ಐರ್ಲೆಂಡ್ ಬರಹ ಅಚ್ಚಿಗೆ ಹೋಗುವ ಮುನ್ನ, ಫೋಟೊ ಪಕ್ಕದಲ್ಲಿ ಬಸ್ಸಿನ ವೇಳೆಯನ್ನೂ ಹಾಕಿ ಎಂಬುದು ನಮ್ಮ ಕೋರಿಕೆ. ಹಳ್ಳಿ ಕಡೆಯ ಕೆಲವು ಲೋಕಲ್ ಲಿಂಕ್ ಬಸ್ಸುಗಳು ವಾರದಲ್ಲಿ ಒಂದೆರಡು ದಿನ ಮಾತ್ರ ಓಡುತ್ತವೆ. ಭಾನುವಾರ ಬೆಟ್ಟ ಇಳಿದು ಬಂದವರು ನಿಲ್ದಾಣದಲ್ಲಿ ಕಾಯುತ್ತ ಕೂರುವಂತಾಗಬಾರದು.

ಇತಿ,
ನಿಮ್ಮ ಓದುಗರು