ಮಿಂಗಸ್ ಇಲ್ಲದ ಮಿಂಗಸ್ ಬ್ಯಾಂಡು

ಪ್ರಿಯ ಗೆಳೆಯ,

ಸಂಯೋಜಕ ತೀರಿಹೋದ ಮೇಲೆ ಅವನ ಹೆಸರಿನಲ್ಲಿ ನಡೆಯುವ ಬ್ಯಾಂಡುಗಳೆಲ್ಲ ವಸ್ತುಸಂಗ್ರಹಾಲಯಗಳೇ ಎಂದು ನೀನು ಕಳೆದ ಪತ್ರದಲ್ಲಿ ಬರೆದಿದ್ದೆ. ಕೆಲವು ಬ್ಯಾಂಡುಗಳ ಮಟ್ಟಿಗೆ ಆ ಮಾತು ನಿಜವಿರಬಹುದು. ಅಮೆರಿಕದ ಜಾಝ್ ಸಂಯೋಜಕ, ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ.

ಮಿಂಗಸ್ 1979ರ ಜನವರಿ 5ರಂದು ಮೆಕ್ಸಿಕೋದಲ್ಲಿ ತೀರಿಕೊಂಡಾಗ ಅವನಿಗೆ 56 ವರ್ಷ. ನರರೋಗದಿಂದ ಕೈಕಾಲು ಸ್ವಾಧೀನ ತಪ್ಪಿ, ತನ್ನ ವಾದ್ಯವಾದ ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯವನ್ನು ನುಡಿಸುವುದಂತಿರಲಿ, ಪೆನ್ಸಿಲ್ ಹಿಡಿಯಲೂ ಆಗದೆ, ಕಡೆಯ ರಚನೆಗಳನ್ನು ಟೇಪ್ ರೆಕಾರ್ಡರಿನ ಮುಂದೆ ಹಾಡಿಯೇ ಉಳಿಸಿದ್ದ. ಅವನ ಇಚ್ಛೆಯಂತೆ ಪತ್ನಿ ಸ್ಯೂ ಚಿತಾಭಸ್ಮವನ್ನು ನಮ್ಮ ಗಂಗೆಗೆ ತಂದು ಬಿಟ್ಟರು. ಅದೇ ವರ್ಷ ‘ಮಿಂಗಸ್ ಡೈನಾಸ್ಟಿ’ ಎಂಬ ಸಣ್ಣ ತಂಡ ಹುಟ್ಟಿತು. 1991ರಲ್ಲಿ ನ್ಯೂಯಾರ್ಕಿನ ಕೆಫೆಯೊಂದರ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ನುಡಿಸುವ, 14 ಜನರ ‘ಮಿಂಗಸ್ ಬಿಗ್ ಬ್ಯಾಂಡ್’ ಶುರುವಾಯಿತು.

ಬದುಕಿದ್ದಾಗ ಅವನು ತನ್ನ ತಂಡವನ್ನು ‘ವರ್ಕ್‌ಶಾಪ್’ ಎಂದು ಕರೆದದ್ದು ಸುಮ್ಮನೆ ಅಲ್ಲ. ಎಷ್ಟೋ ಸಲ ಬರೆದ ಸ್ವರಲಿಪಿಯನ್ನು ಕೊಡದೆ, ಒಬ್ಬೊಬ್ಬರ ಭಾಗವನ್ನೂ ಪಿಯಾನೋದಲ್ಲಿ ನುಡಿಸಿಯೋ ಬಾಯಲ್ಲಿ ಹಾಡಿಯೋ ಕಲಿಸುತ್ತಿದ್ದ. ಮನಸ್ಸಿಗೆ ಬಾರದಿದ್ದರೆ ಕೇಳುಗರೆದುರೇ ನಿಲ್ಲಿಸಿ, ಗದರಿ, ಮತ್ತೆ ಮೊದಲಿನಿಂದ ನುಡಿಸುತ್ತಿದ್ದ. ಒಬ್ಬನ ಕೂಗಾಟದ ಮೇಲೆ ನಿಂತಿದ್ದ ಸಂಗೀತ ಅವನಿಲ್ಲದೆ ಉಳಿಯುವುದು ಹೇಗೆ? ಸ್ವತಃ ಸಂಗೀತಗಾರ್ತಿಯಲ್ಲದ ಸ್ಯೂ ಇದಕ್ಕೆ ಕಂಡುಕೊಂಡ ದಾರಿ ಜಾಣತನದ್ದು: ಬ್ಯಾಂಡಿನಲ್ಲಿ ಯಾರಿಗೂ ಕಾಯಂ ಕುರ್ಚಿಯಿಲ್ಲ. ಕುರ್ಚಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ವಾದಕರು ಸರದಿಯಲ್ಲಿ ಬಂದು ಕೂರುವುದರಿಂದ, ಅದೇ ರಚನೆ ಪ್ರತಿ ಸಲ ಬೇರೆಯವರ ಕೈಯಲ್ಲಿ ಹೊಸದಾಗಿ ಎಳೆದಾಟಕ್ಕೆ ಸಿಗುತ್ತದೆ. ನೀನು ಹೇಳುವ ಸಂಗ್ರಹಾಲಯವೂ ಇದೆ, ಅವನ ಹಸ್ತಪ್ರತಿಗಳು 1993ರಿಂದ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಭದ್ರವಾಗಿವೆ. ಆ ಕೆಲಸ ಬ್ಯಾಂಡಿನದಲ್ಲ.

ಆದರೆ ಕಾಗದವನ್ನು ಹಗುರವಾಗಿಯೂ ಕಾಣಲಾಗದು. 1962ರಲ್ಲಿ ನ್ಯೂಯಾರ್ಕಿನ ಸಭಾಂಗಣವಾದ ಟೌನ್ ಹಾಲ್‌ನಲ್ಲಿ ಅವನ ದೊಡ್ಡ ರಚನೆಯೊಂದು ಹೊರಬರಬೇಕಿದ್ದಾಗ ತಯಾರಿ ಸಾಲದೆ, ವೇದಿಕೆಯ ಮೇಲೆಯೇ ಕುಳಿತು ನಕಲುಗಾರರು ಸ್ವರಲಿಪಿಯನ್ನು ಬರೆಯುತ್ತಿದ್ದರು, ಕಛೇರಿ ಕೆಟ್ಟುಹೋಯಿತು. ಅವನು ಸತ್ತ ಮೇಲೆ ಕಾಗದಪತ್ರಗಳ ಪಟ್ಟಿ ಮಾಡುತ್ತಿದ್ದ ಆಂಡ್ರ್ಯೂ ಹೋಮ್ಜಿ ಕಂಡುಹಿಡಿದ ಅದೇ ರಚನೆ ‘ಎಪಿಟಾಫ್’, ಎರಡು ಗಂಟೆಗೂ ಮೀರಿದ ಕೃತಿ, 1989ರಲ್ಲಿ ಗುಂಥರ್ ಶುಲ್ಲರ್ ನಿರ್ದೇಶನದಲ್ಲಿ ಲಿಂಕನ್ ಸೆಂಟರ್‌ನಲ್ಲಿ ನುಡಿಯಿತು. ಹಾಳೆಗಳನ್ನು ಯಾರಾದರೂ ರದ್ದಿಗೆ ಹಾಕಿದ್ದರೆ ನಮ್ಮ ಈ ಚರ್ಚೆಯೇ ಇರುತ್ತಿರಲಿಲ್ಲ.

ಸ್ಯೂ 2022ರಲ್ಲಿ ತೀರಿಕೊಂಡರು. ಬ್ಯಾಂಡು ಅಲ್ಲಿಗೆ ನಿಲ್ಲಲಿಲ್ಲ. ಬೋರಿಸ್ ಕೊಜ್ಲೊವ್ ಅದರಲ್ಲಿ ನುಡಿಸುತ್ತ ಬಂದಿರುವುದು ಮಿಂಗಸ್‌ನದೇ ಸಿಂಹಮುಖದ ಬಾಸನ್ನು, ಆದರೆ ನನ್ನ ಕಿವಿಗೆ ಅದರ ನಾದ ಕೊಜ್ಲೊವ್‌ನದೇ. ನಂಬದಿದ್ದರೆ ‘ಮೋನಿನ್’ ರಚನೆಯ 1959ರ ಮುದ್ರಣವನ್ನೂ 1993ರ ಬಿಗ್ ಬ್ಯಾಂಡ್ ಮುದ್ರಣವನ್ನೂ ಒಂದರ ಬೆನ್ನಿಗೊಂದು ಕೇಳು. ಎರಡರಲ್ಲೂ ಬ್ಯಾರಿಟೋನ್ ಸ್ಯಾಕ್ಸೋಫೋನೇ ಮೊದಲು ಬಾಯಿ ತೆರೆಯುತ್ತದೆ. ಮೊದಲನೆಯದರಲ್ಲಿ ಪೆಪ್ಪರ್ ಆಡಮ್ಸ್, ಎರಡನೆಯದರಲ್ಲಿ ರಾನಿ ಕ್ಯೂಬರ್. ಒಬ್ಬನು ಇನ್ನೊಬ್ಬನ ನಕಲು ಎನ್ನಿಸಿದರೆ ಬರೆ, ಜಗಳ ಮುಂದುವರಿಸೋಣ.

ನಿನ್ನ ಗೆಳೆಯ