ಬಾಬ್ ಪೇಸ್ಲಿ ಬಗ್ಗೆ ಬರೆಯುವ ಮುಂಚೆ

ಪ್ರೀತಿಯ ತಂಗಿ,

ನಿನ್ನ ಕರಡನ್ನು ಎರಡು ಸಲ ಓದಿದೆ. ಬಾಬ್ ಪೇಸ್ಲಿ ಬಗ್ಗೆ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ನನಗೆ ದೊಡ್ಡ ಖುಷಿ. ನಿನ್ನ ವಯಸ್ಸಿನವರಿಗೆ ಫುಟ್‌ಬಾಲ್ ಮ್ಯಾನೇಜರ್ ಅಂದರೆ ಫರ್ಗುಸನ್, ಗಾರ್ಡಿಯೋಲಾ, ಕ್ಲಾಪ್. ಪೇಸ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ದು, 1983ರಲ್ಲೇ ಕೆಲಸ ಬಿಟ್ಟವರು. ಮೈಕಿನ ಮುಂದೆ ನಿಂತರೆ ಮಾತು ತಡವರಿಸುತ್ತಿತ್ತು. ಅಂಥವರನ್ನು ನೀನು ಹುಡುಕಿಕೊಂಡು ಹೋಗಿದ್ದೀಯ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ, ಓದು.

ನೀನು ಶುರು ಮಾಡಿರುವುದು ಕಪ್ಪುಗಳಿಂದ. 9 ವರ್ಷ, 6 ಲೀಗ್ ಪ್ರಶಸ್ತಿ, 3 ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್), 1 ಯುಇಎಫ್‌ಎ ಕಪ್, 3 ಲೀಗ್ ಕಪ್. ಎಲ್ಲ ಸರಿಯಾಗಿದೆ. ಮೂರು ಯುರೋಪಿಯನ್ ಕಪ್ ಗೆದ್ದ ಮೊದಲ ಮ್ಯಾನೇಜರ್ ಅವರೇ ಅನ್ನುವುದೂ ನಿಜ. ಆದರೆ ಮೂರು ಪ್ಯಾರಾ ಮುಗಿದರೂ ನನಗೆ ಆ ಮನುಷ್ಯ ಕಾಣಲಿಲ್ಲ. ಅವರ ಹೆಸರು ತೆಗೆದು ಬೇರೆ ಯಾರದೋ ಹೆಸರು ಹಾಕಿದರೂ ನಿನ್ನ ವಾಕ್ಯಗಳು ಹಾಗೇ ನಿಲ್ಲುತ್ತವೆ. ಆಮೇಲೆ ಅವರನ್ನು 'ಮಾಂತ್ರಿಕ' ಅಂತ ನಾಲ್ಕು ಕಡೆ ಬರೆದಿದ್ದೀಯ. ಆ ಪದ ತೆಗೆದುಬಿಡು. ಮಂತ್ರ ಅಂದುಬಿಟ್ಟರೆ ಓದುವವರು 'ಹೇಗೆ?' ಅಂತ ಕೇಳುವುದನ್ನೇ ನಿಲ್ಲಿಸುತ್ತಾರೆ. ಪೇಸ್ಲಿ ವಿಷಯದಲ್ಲಿ ಆ 'ಹೇಗೆ' ಅನ್ನುವುದೇ ಕಥೆ.

ನಾನೂ ನಿನ್ನ ಹಾಗೆಯೇ ಬರೆಯುತ್ತಿದ್ದೆ, ತುಂಬಾ ವರ್ಷ. ಮ್ಯಾನೇಜರ್ ಅಂದರೆ ಡ್ರೆಸಿಂಗ್ ರೂಮಿನಲ್ಲಿ ಭಾಷಣ ಮಾಡುವವರು, ಗೋಡೆಯ ಮೇಲೆ ಬಾಣದ ಗುರುತು ಎಳೆಯುವವರು ಅಂದುಕೊಂಡಿದ್ದೆ. ಪೇಸ್ಲಿ ಕಥೆ ಓದಿದ ಮೇಲೆ ನನಗೆ ಬೇರೆ ಒಂದು ಪ್ರಶ್ನೆ ಸಿಕ್ಕಿತು. ಈ ಮನುಷ್ಯ ದಿನವಿಡೀ ಏನನ್ನು ನೋಡುತ್ತಿದ್ದರು? ನಿನಗೆ ಕೊಡಬೇಕು ಅಂತಿರುವುದು ಈ ಒಂದೇ ಪ್ರಶ್ನೆ.

ಉತ್ತರಕ್ಕೆ ಅವರು ಮ್ಯಾನೇಜರ್ ಆಗುವ ಮುಂಚಿನ ವರ್ಷಗಳಿಗೆ ಹೋಗಬೇಕು. ನಿನ್ನ ಕರಡಿನಲ್ಲಿ ಅದು ಒಂದೂವರೆ ಸಾಲು! 1919ರಲ್ಲಿ ಡರ್ಹಮ್ ಕೌಂಟಿಯ ಗಣಿ ಊರೊಂದರಲ್ಲಿ ಹುಟ್ಟಿದ ಹುಡುಗ. ಅಪ್ಪ ಕಲ್ಲಿದ್ದಲು ಗಣಿ ಕೆಲಸದವರು. ಇವರು ಗಾರೆ ಕೆಲಸ ಕಲಿತರು. 1939ರಲ್ಲಿ ಲಿವರ್‌ಪೂಲ್ ಸೇರಿದರು. ಯುದ್ಧ ಶುರುವಾಯಿತು, ಫಿರಂಗಿ ದಳದಲ್ಲಿ ಉತ್ತರ ಆಫ್ರಿಕಾ, ಇಟಲಿ ಸುತ್ತಿ ಬಂದರು. 1947ರಲ್ಲಿ ಲೀಗ್ ಗೆದ್ದ ತಂಡದಲ್ಲಿದ್ದರು. 1954ರಲ್ಲಿ ಆಟ ಬಿಟ್ಟ ಮೇಲೂ ಅದೇ ಕ್ಲಬ್ಬಿನಲ್ಲಿ ಉಳಿದರು. ಅಂಚೆ ಮೂಲಕ ಫಿಸಿಯೋಥೆರಪಿ ಕಲಿತರು. ರಿಸರ್ವ್ ತಂಡದ ಕೋಚ್, ಮುಖ್ಯ ತಂಡದ ಟ್ರೇನರ್, ನೀವು ಹೇಳಿದ್ದೆಲ್ಲ ಮಾಡುತ್ತೇನೆ ಅನ್ನುವಂಥ ಕೆಲಸಗಳು. ಹೀಗೆ 20 ವರ್ಷ.

ಈ 20 ವರ್ಷ ಅವರು ಮಾಡಿದ್ದೇನು ಅಂತ ಸುಮ್ನೆ ಕೂತು ಯೋಚಿಸು. ಆಟಗಾರರ ಕಾಲು ಹಿಡಿದು ನೋಡಿದರು. ಯಾವ ಸ್ನಾಯು ಬಿಗಿದಿದೆ, ಯಾರು ನೋವು ಮುಚ್ಚಿಡುತ್ತಿದ್ದಾರೆ, ಯಾರು ಇಲ್ಲದ ನೋವು ಹೇಳುತ್ತಿದ್ದಾರೆ ಅಂತ ಕಲಿತರು. ಒಬ್ಬ ಆಟಗಾರ ನಡೆದು ಬರುವುದನ್ನು ನೋಡಿಯೇ ಗಾಯ ಎಲ್ಲಿದೆ ಅಂತ ಹೇಳುತ್ತಿದ್ದರು ಅನ್ನುವುದನ್ನು ಅವರ ಆಟಗಾರರು ಮತ್ತೆ ಮತ್ತೆ ನೆನಪಿಸಿಕೊಂಡಿದ್ದಾರೆ. ಮುಂದೆ ಅವರು ಕಟ್ಟಿದ್ದೆಲ್ಲ ಈ ಕಣ್ಣಿನಿಂದಲೇ ಅಂತ ನನಗೆ ಅನ್ನಿಸುತ್ತದೆ.

ರೇ ಕೆನಡಿ ಕಥೆ ತಗೋ. ನೀನು ಅದನ್ನು ಬಿಟ್ಟೇಬಿಟ್ಟಿದ್ದೀಯ, ನನಗೆ ತುಂಬಾ ಬೇಜಾರಾಯಿತು. ಕೆನಡಿ ಸ್ಟ್ರೈಕರ್. 1971ರಲ್ಲಿ ಆರ್ಸೆನಲ್ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದಾಗ ಆ ತಂಡದಲ್ಲಿ ಗೋಲು ಹೊಡೆಯುತ್ತಿದ್ದ ಹುಡುಗ. 1974ರಲ್ಲಿ ಲಿವರ್‌ಪೂಲ್ ಅವನನ್ನು ಕೊಂಡಿತು. ಪೇಸ್ಲಿಗಿಂತ ಮುಂಚಿನ ಮ್ಯಾನೇಜರ್ ಬಿಲ್ ಶ್ಯಾಂಕ್ಲಿ ಕೊಂಡ ಕೊನೆಯ ಆಟಗಾರ ಅವನು. ಬಂದ ಮೇಲೆ ಮಂಕಾದ. ಓಟದಲ್ಲಿ ಚುರುಕಿಲ್ಲ, ಮುಂದೆ ಕೀಗನ್ ಮತ್ತು ಟೋಷಾಕ್ ಜೋಡಿ ಗಟ್ಟಿಯಾಗಿ ಕೂತಿದೆ. ಬೇರೆ ಯಾರಾದರೂ ಮಾರಿಬಿಡುತ್ತಿದ್ದರು. ಪೇಸ್ಲಿ ಅವನಲ್ಲಿ ಬೇರೆ ಏನೋ ನೋಡಿದರು. ಚೆಂಡು ಕಾಲಿಗೆ ಬಂದಾಗ ಅದನ್ನು ಹಿಡಿಯುವ ಮೆತ್ತಗಿನ ರೀತಿ, ಎಡಗಾಲಿನ ಪಾಸು, ದೂರದಿಂದ ಬಂದು ಸರಿಯಾದ ಹೊತ್ತಿಗೆ ಪೆನಾಲ್ಟಿ ಬಾಕ್ಸ್ ಸೇರುವ ಅಂದಾಜು. ಮುಂದೆ ನಿಂತು ಡಿಫೆಂಡರ್‌ಗಳ ಬೆನ್ನು ನೂಕುವುದರ ಬದಲು ಆಟವೆಲ್ಲ ಎದುರಿಗೆ ಕಾಣುವ ಜಾಗಕ್ಕೆ ಇವನನ್ನು ಹಾಕಬೇಕು ಅಂದುಕೊಂಡು ಮಿಡ್‌ಫೀಲ್ಡಿನ ಎಡಗಡೆಗೆ ಎಳೆದರು. ಅದೇ ಹುಡುಗ ಇಂಗ್ಲೆಂಡ್ ಪರ 17 ಪಂದ್ಯ ಆಡಿದ. 1981ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಮ್ಯೂನಿಕ್‌ನಲ್ಲಿ ಬಯರ್ನ್ ವಿರುದ್ಧ ಲಿವರ್‌ಪೂಲನ್ನು ಫೈನಲ್‌ಗೆ ಒಯ್ದ ಗೋಲು ಅವನದೇ.

ನೋಡು, ಇದನ್ನು ಹೇಳಲು ನನಗೆ 'ಮಾಂತ್ರಿಕ' ಅನ್ನುವ ಪದ ಬೇಕಾಗಲಿಲ್ಲ. ಪೇಸ್ಲಿ ನೋಡಿದ್ದನ್ನು ಹೇಳಿದೆ, ಅಷ್ಟೇ.

ಇನ್ನೊಂದು, 1950. ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಪೇಸ್ಲಿ ಗೋಲು ಹೊಡೆದರು. ತಂಡ ಫೈನಲ್‌ಗೆ ಹೋಯಿತು. ಫೈನಲ್ ತಂಡದಲ್ಲಿ ಅವರ ಹೆಸರೇ ಇರಲಿಲ್ಲ. ವೆಂಬ್ಲಿಯಲ್ಲಿ ಲಿವರ್‌ಪೂಲ್ ಆರ್ಸೆನಲ್‌ಗೆ 2-0ರಲ್ಲಿ ಸೋತಿತು, ಅವರು ಹೊರಗೆ ಕೂತಿದ್ದರು. ನಿನ್ನ ಕರಡಿನಲ್ಲಿ ಇದು 'ಒಂದು ಕಹಿ ಘಟನೆ' ಅಂತ ಮುಗಿದುಹೋಗಿದೆ. ಅದನ್ನು ಅಲ್ಲಿಂದ ಎತ್ತಿ 25 ವರ್ಷ ಮುಂದೆ ತಂದು ಇಡು. ಮ್ಯಾನೇಜರ್ ಆದ ಮೇಲೆ ಪ್ರತಿ ವಾರ ಯಾರನ್ನಾದರೂ ತಂಡದಿಂದ ಬಿಡಲೇಬೇಕಿತ್ತು. ಹಾಗೆ ಬಿಟ್ಟವನ ಎದುರು ನಿಂತಾಗ ಅವನಿಗೆ ಏನಾಗುತ್ತಿದೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಡುತ್ತಿದ್ದರು. ಅವರ ಮೃದು ಮಾತು ನೋಡಿ ನೀನು 'ಅಜ್ಜನಂಥ ಮನುಷ್ಯ' ಅಂದಿದ್ದೀಯ. ಅರ್ಧ ನಿಜ. 1981ರ ಡಿಸೆಂಬರ್ 26ರಂದು ಮ್ಯಾಂಚೆಸ್ಟರ್ ಸಿಟಿ ಲಿವರ್‌ಪೂಲ್‌ನ ಸ್ವಂತ ಮೈದಾನ ಆನ್‌ಫೀಲ್ಡಿಗೇ ಬಂದು 3-1ರಲ್ಲಿ ಸೋಲಿಸಿತು. ಲಿವರ್‌ಪೂಲ್ 12ನೇ ಸ್ಥಾನದಲ್ಲಿತ್ತು. ಪೇಸ್ಲಿ ಫಿಲ್ ಥಾಂಪ್ಸನ್ ಕೈಯಿಂದ ಕ್ಯಾಪ್ಟನ್ ಪಟ್ಟ ತೆಗೆದು ಗ್ರೇಮ್ ಸೂನೆಸ್‌ಗೆ ಕೊಟ್ಟರು. ಥಾಂಪ್ಸನ್ ಆ ಊರಿನದೇ ಹುಡುಗ, ಆರೇಳು ತಿಂಗಳ ಹಿಂದೆ ಪ್ಯಾರಿಸ್‌ನಲ್ಲಿ ಯುರೋಪಿಯನ್ ಕಪ್ ಎತ್ತಿದವನು. ಅವನಿಗೆ ಎಷ್ಟು ನೋವಾಗಿರಬೇಕು, ಅಲ್ವಾ? ಆ ವರ್ಷವೂ ಲೀಗ್ ಲಿವರ್‌ಪೂಲ್‌ಗೇ ಬಂತು. ಇದನ್ನು ಬರೆಯುವಾಗ ಗೆಲುವನ್ನು ಮುಂದೆ ಹಿಡಿದು ಆ ನೋವನ್ನು ಮುಚ್ಚಬೇಡ.

ಈಗ 1974ರ ಬೇಸಿಗೆ. ನಿನ್ನ ಕರಡಿನ ಅತಿ ಒಳ್ಳೆಯ ಭಾಗ ಇದು. ಇನ್ನೂ ಚೆನ್ನಾಗಿ ಆಗಬೇಕು. ಜುಲೈನಲ್ಲಿ ಶ್ಯಾಂಕ್ಲಿ ರಾಜೀನಾಮೆ ಕೊಟ್ಟಾಗ ಇಡೀ ಊರು ನಂಬಲಿಲ್ಲ. ಎರಡನೇ ಡಿವಿಷನ್‌ನಲ್ಲಿ ಬಿದ್ದಿದ್ದ ಕ್ಲಬ್ಬನ್ನು 1959ರ ಡಿಸೆಂಬರಿನಿಂದ ಎತ್ತಿ ನಿಲ್ಲಿಸಿದವರು. ಮಾತಿನ ಮಲ್ಲ. ಅವರ ಜಾಗಕ್ಕೆ 55 ವರ್ಷದ, ಆ ಕೆಲಸವೇ ಬೇಡ ಅಂದಿದ್ದ ಪೇಸ್ಲಿ ಬಂದರು. ನೀನು ಇಲ್ಲಿ ನಿಲ್ಲಿಸಿದ್ದೀಯ. ಮುಂದಿನದು ಕಷ್ಟದ ಭಾಗ. ಶ್ಯಾಂಕ್ಲಿ ರಾಜೀನಾಮೆ ಕೊಟ್ಟ ಮೇಲೂ ಮೆಲ್ವುಡ್‌ಗೆ ಬರುತ್ತಿದ್ದರು, ತಂಡ ಅಭ್ಯಾಸ ಮಾಡುವ ಜಾಗಕ್ಕೆ. ಆಟಗಾರರು ಹಳೇ ಅಭ್ಯಾಸದಲ್ಲಿ ಅವರನ್ನೇ 'ಬಾಸ್' ಅಂತ ಕರೆಯುತ್ತಿದ್ದರು. ಕೊನೆಗೆ ಅವರು ಬರುವುದು ನಿಲ್ಲಬೇಕಾಯಿತು, ಅವರಿಗೆ ತುಂಬಾ ನೋವಾಯಿತು. ಯಾರದು ತಪ್ಪು ಅಂತ ತೀರ್ಪು ಕೊಡಲು ಹೋಗಬೇಡ. ಇಬ್ಬರೂ ಒಳ್ಳೆಯವರೇ. 14 ವರ್ಷ ಜೊತೆಗೆ ದುಡಿದವರು. ಒಬ್ಬರಿಗೆ ಬಿಟ್ಟು ಹೋಗಲು ಆಗುತ್ತಿಲ್ಲ, ಇನ್ನೊಬ್ಬರಿಗೆ ಅವರು ಇದ್ದರೆ ಕೆಲಸ ಮಾಡಲು ಆಗುತ್ತಿಲ್ಲ. ಅಷ್ಟನ್ನು ಹೇಳು.

ಬೂಟ್ ರೂಮ್ ಬಗ್ಗೆ ಜಾಸ್ತಿ ಬರೆದಿದ್ದೀಯ, ಆದರೆ ಅದು ಯಾವುದೋ ಗುಡಿಯ ಗರ್ಭಗುಡಿ ಥರ ಕಾಣುತ್ತದೆ. ಅದು ಬೂಟುಗಳನ್ನು ನೇತುಹಾಕುವ ಸಣ್ಣ ಕೋಣೆ. ಪೇಸ್ಲಿ, ಜೊತೆಗೆ ಕ್ಲಬ್ಬಿನ ಕೋಚ್‌ಗಳಾದ ಜೋ ಫೇಗನ್, ರೋನಿ ಮೊರಾನ್, ರೂಬೆನ್ ಬೆನೆಟ್ ಅಲ್ಲಿ ಕೂತು ಮಾತಾಡುತ್ತಿದ್ದರು. ಅಲ್ಲಿ ಆದ ಕೆಲಸ ಒಂದನ್ನು ಹೇಳಿದರೆ ಸಾಕು. 1973ರ ನವೆಂಬರಿನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡ ಲಿವರ್‌ಪೂಲನ್ನು ಯುರೋಪಿಯನ್ ಕಪ್‌ನಿಂದ ಹೊರಗೆ ಹಾಕಿತು, ಆನ್‌ಫೀಲ್ಡಿನಲ್ಲೂ 2-1ರಲ್ಲಿ ಸೋಲಿಸಿತು. ಇವರೆಲ್ಲ ಕೂತು ಯೋಚಿಸಿದರು. ಯುರೋಪಿನ ತಂಡಗಳು ಹಿಂದಿನಿಂದಲೇ ಪಾಸು ಮಾಡುತ್ತಾ ಆಟ ಕಟ್ಟುತ್ತವೆ, ನಮ್ಮ ಹಿಂದಿನವರು ಚೆಂಡನ್ನು ದೂರ ಒದ್ದು ಕಳೆದುಕೊಳ್ಳುತ್ತಾರೆ. ಹಾಗಾದರೆ ಹಿಂದೆ ನಿಲ್ಲುವವನಿಗೂ ಚೆಂಡು ಆಡಲು ಬರಬೇಕು. ಎತ್ತರದ ಲ್ಯಾರಿ ಲಾಯ್ಡ್ ಜಾಗಕ್ಕೆ ಥಾಂಪ್ಸನ್ ಬಂದ, ಪಕ್ಕದಲ್ಲಿ ಎಮ್ಲಿನ್ ಹ್ಯೂಸ್. ಮುಂದೆ ಪೇಸ್ಲಿ ಕಾಲದಲ್ಲಿ ಅಲನ್ ಹ್ಯಾನ್ಸನ್ ಬಂದಾಗ ಆ ಯೋಚನೆ ಪೂರ್ತಿಯಾಯಿತು. 1978-79ರಲ್ಲಿ 42 ಲೀಗ್ ಪಂದ್ಯಗಳಲ್ಲಿ ಲಿವರ್‌ಪೂಲ್ ಬಿಟ್ಟುಕೊಟ್ಟಿದ್ದು 16 ಗೋಲು, ಆನ್‌ಫೀಲ್ಡಿನ 21 ಪಂದ್ಯಗಳಲ್ಲಿ ಬರೀ 4. ನೀನು ಈ ಅಂಕಿಯನ್ನು ದಾಖಲೆ ಅಂತ ಬೇರೆ ಕಡೆ ಬರೆದಿದ್ದೀಯ. ಅದನ್ನು ಈ ಸೋಲಿನ ಪಕ್ಕಕ್ಕೆ ತಾ.

ಕೆವಿನ್ ಕೀಗನ್ 1977ರಲ್ಲಿ 5 ಲಕ್ಷ ಪೌಂಡ್‌ಗೆ ಹ್ಯಾಂಬರ್ಗ್‌ಗೆ ಹೋದ, 4.4 ಲಕ್ಷಕ್ಕೆ ಸೆಲ್ಟಿಕ್‌ನಿಂದ ಕೆನಿ ಡಾಲ್ಗ್ಲಿಷ್ ಬಂದ. ಇದು ಎಲ್ಲರಿಗೂ ಗೊತ್ತಿರುವ ಕಥೆ, ನೀನೂ ಚೆನ್ನಾಗಿ ಬರೆದಿದ್ದೀಯ. ಅಲ್ಲಿ ಕೈ ಹಾಕಬೇಡ.

ಸೋಲುಗಳನ್ನೂ ಹಾಕು. ಎಫ್‌ಎ ಕಪ್ ಅವರಿಗೆ ಒಮ್ಮೆಯೂ ಸಿಗಲಿಲ್ಲ. ಎರಡು ಯುರೋಪಿಯನ್ ಕಪ್ ಗೆದ್ದ ಬೆನ್ನಿಗೆ, 1978ರಲ್ಲಿ, ಬ್ರಯಾನ್ ಕ್ಲಫ್ ಅವರ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅದೇ ಯುರೋಪಿಯನ್ ಕಪ್‌ನ ಮೊದಲ ಸುತ್ತಿನಲ್ಲೇ ಲಿವರ್‌ಪೂಲನ್ನು ಮನೆಗೆ ಕಳಿಸಿತು. ಮರು ವರ್ಷ ದಿನಾಮೊ ಟ್‌ಬಿಲಿಸಿಯೂ ಮೊದಲ ಸುತ್ತಿನಲ್ಲೇ ಸೋಲಿಸಿತು. ಇವನ್ನು ಬಿಟ್ಟರೆ ಓದುವವರಿಗೆ ನಿನ್ನ ಮೇಲೆ ನಂಬಿಕೆ ಹೋಗುತ್ತದೆ. ನನಗಂತೂ ಇವುಗಳಿಂದ ಪೇಸ್ಲಿ ಮೇಲಿನ ಪ್ರೀತಿ ಜಾಸ್ತಿಯೇ ಆಯಿತು.

ಉಲ್ಲೇಖಗಳ ವಿಷಯ ಹೇಳಲೇಬೇಕು. ಕರಡಿನಲ್ಲಿ ಪೇಸ್ಲಿ ಹೇಳಿದರು ಅಂತ ಒಂಬತ್ತು ಮಾತು ಇವೆ. ಅವುಗಳಲ್ಲಿ ಎಷ್ಟಕ್ಕೆ ನೀನು ಆಧಾರ ತೋರಿಸಬಲ್ಲೆ? ಮಾತಾಡುವಾಗ ಹೆಸರು ಮರೆತು 'ಅದೇ ಅದು', 'ಅವನೇ ಅವನು' ಅನ್ನುವಂತೆ ಮಾತಾಡುತ್ತಿದ್ದ ಮನುಷ್ಯ ಅವರು. ಆಟಗಾರರು ಅರ್ಥ ಮಾಡಿಕೊಳ್ಳಲು ಕಷ್ಟಪಡುತ್ತಿದ್ದರು. ಅಂಥವರ ಬಾಯಲ್ಲಿ ಒಂಬತ್ತು ಹೊಳೆಯುವ ಮಾತು ಇಟ್ಟರೆ ಅವರು ಶ್ಯಾಂಕ್ಲಿ ಆಗಿಬಿಡುತ್ತಾರೆ. ಖಾತ್ರಿ ಇಲ್ಲದ್ದನ್ನು ತೆಗೆ. ಅವರು ಮಾಡಿದ್ದನ್ನು ಬರೆ. 1977ರ ಮೇ 25ರ ರಾತ್ರಿ ಇದೆಯಲ್ಲ. ರೋಮ್‌ನಲ್ಲಿ ಯುರೋಪಿಯನ್ ಕಪ್ ಫೈನಲ್, ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಕ್ ವಿರುದ್ಧ 3-1ರ ಗೆಲುವು. ನಾಲ್ಕೇ ದಿನದ ಹಿಂದೆ ಎಫ್‌ಎ ಕಪ್ ಫೈನಲ್ ಸೋತು ಬಂದ ತಂಡ. ಹೋಟೆಲಿನಲ್ಲಿ ಎಲ್ಲರೂ ಕುಡಿದು ಕುಣಿಯುತ್ತಿದ್ದಾರೆ. ಪೇಸ್ಲಿ ಕುಡಿಯಲಿಲ್ಲ, ಆ ರಾತ್ರಿಯನ್ನು ಪೂರ್ತಿ ಎಚ್ಚರದಲ್ಲಿ ಅನುಭವಿಸಬೇಕಿತ್ತು ಅವರಿಗೆ. 1944ರಲ್ಲಿ ಇದೇ ಊರಿಗೆ ಟ್ಯಾಂಕ್ ಮೇಲೆ ಕೂತು ಬಂದಿದ್ದ ಸೈನಿಕ. ಇದರ ಪಕ್ಕ ಯಾವ ಮಾತನ್ನೂ ಇಡಬೇಡ.

ಪರಂಪರೆ ಬಗ್ಗೆ ಕೊನೆಯಲ್ಲಿ ಬರೆದಿರುವುದು ಅವಸರದಲ್ಲಿ ಬರೆದ ಹಾಗಿದೆ. ದೊಡ್ಡ ಮ್ಯಾನೇಜರ್ ಹೋದ ಮೇಲೆ ಕ್ಲಬ್‌ಗೆ ಏನಾಯಿತು ಅಂತ ನೋಡು. ಮ್ಯಾಟ್ ಬಸ್ಬಿ 1969ರಲ್ಲಿ ಜಾಗ ಬಿಟ್ಟ ಐದು ವರ್ಷಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಎರಡನೇ ಡಿವಿಷನ್‌ಗೆ ಬಿತ್ತು. ಫರ್ಗುಸನ್ 2013ರಲ್ಲಿ ಲೀಗ್ ಗೆದ್ದು ಹೋದರು, ಆಮೇಲೆ ಹತ್ತು ವರ್ಷ ಕಳೆದರೂ ಆ ಕ್ಲಬ್ಬಿಗೆ ಲೀಗ್ ಸಿಗಲಿಲ್ಲ. ಪೇಸ್ಲಿ ಹೋದ ಮರು ವರ್ಷ ಅದೇ ಬೂಟ್ ರೂಮಿನ ಜೋ ಫೇಗನ್ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದರು. 1986ರಲ್ಲಿ ಡಾಲ್ಗ್ಲಿಷ್ ಆಡುತ್ತಲೇ ಮ್ಯಾನೇಜರ್ ಆಗಿ ಲೀಗ್, ಎಫ್‌ಎ ಕಪ್ ಎರಡನ್ನೂ ತಂದ, ಪಕ್ಕದಲ್ಲಿ ಸಲಹೆ ಕೊಡಲು ಪೇಸ್ಲಿ ಇದ್ದರು. ತಮ್ಮ ನಂತರ ಬಂದವನ ಪಕ್ಕ, ಅವನ ದಾರಿಗೆ ಅಡ್ಡ ಬರದೆ ಕೂರುವುದು ಎಷ್ಟು ಕಷ್ಟ ಅಂತ 1974ರಲ್ಲೇ ನೋಡಿದ್ದವರು ಅವರು. ಈ ಎರಡನ್ನೂ ಹತ್ತಿರ ಹತ್ತಿರ ಇಟ್ಟು ಬರೆ.

ಶುರು ಎಲ್ಲಿಂದ ಮಾಡಲಿ ಅಂತ ಕೇಳಿದ್ದೀಯ. ಆನ್‌ಫೀಲ್ಡ್ ಹೊರಗೆ 2020ರಲ್ಲಿ ಪೇಸ್ಲಿ ಪ್ರತಿಮೆ ನಿಲ್ಲಿಸಿದರು. ಅದರ ಕೈಯಲ್ಲಿ ಕಪ್ ಇಲ್ಲ. 1968ರ ಒಂದು ಪಂದ್ಯದಲ್ಲಿ ಗಾಯಗೊಂಡ ಆಟಗಾರನನ್ನು ಬೆನ್ನ ಮೇಲೆ ಹೊತ್ತು ಮೈದಾನದಿಂದ ಹೊರಗೆ ತರುತ್ತಿದ್ದಾರೆ. ಆಗ ಅವರಿನ್ನೂ ಮ್ಯಾನೇಜರ್ ಆಗಿರಲಿಲ್ಲ. ಬೆನ್ನ ಮೇಲಿದ್ದ ಹುಡುಗ ಎಮ್ಲಿನ್ ಹ್ಯೂಸ್. ಒಂಬತ್ತು ವರ್ಷ ಆದ ಮೇಲೆ ರೋಮ್‌ನಲ್ಲಿ ಯುರೋಪಿಯನ್ ಕಪ್ ಎತ್ತಿದ ಕ್ಯಾಪ್ಟನ್ ಅವನೇ. ಅಲ್ಲಿಂದ ಶುರು ಮಾಡಿ ಮತ್ತೆ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ