ಒಗೆದ ಬಟ್ಟೆಗೆ ವಾಸನೆ ಇರುವುದಿಲ್ಲ

ಮಾನ್ಯ ಸಂಪಾದಕರೇ,

ಯಾತ್ರಾಸ್ಥಳವೊಂದರ ಲಾಡ್ಜಿನಲ್ಲಿ ಒಗೆಯದ ಬೆಡ್‌ಶೀಟು ಹಾಸಿಕೊಟ್ಟರು ಎಂದು ಕಳೆದ ವಾರ ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ದೂರಿದ್ದರು. ಶೀಟು ಮಾಸಲು ಬಣ್ಣಕ್ಕಿತ್ತು, ಒಗೆದ ಘಮ ಇರಲಿಲ್ಲ ಎಂದು ಬರೆದಿದ್ದರು. ದುಡ್ಡು ಕೊಟ್ಟು ಉಳಿದುಕೊಳ್ಳುವವರು ಒಳ್ಳೆಯ ಹಾಸಿಗೆ ಕೇಳುವುದು ನ್ಯಾಯವೇ. ಆದರೆ ಅವರು ನೋಡಿದ ಎರಡು ಗುರುತುಗಳಿಂದ ಬಟ್ಟೆ ಒಗೆದಿದ್ದಾರೋ ಇಲ್ಲವೋ ಹೇಳಲಿಕ್ಕೆ ಆಗುವುದಿಲ್ಲ. ಮೈಸೂರಿನ ಹೋಟೆಲೊಂದರ ಲಾಂಡ್ರಿಯಲ್ಲಿ ಬಹಳ ವರ್ಷ ಮೇಲ್ವಿಚಾರಕಿಯಾಗಿದ್ದವಳು ನಾನು. ಚೆನ್ನಾಗಿ ಒಗೆದು, ಚೆನ್ನಾಗಿ ಒಣಗಿದ ಬಟ್ಟೆಗೆ ಯಾವ ವಾಸನೆಯೂ ಇರುವುದಿಲ್ಲ. ಘಮ ಬಂತು ಅಂದರೆ ಅದು ಆಮೇಲೆ ಸೇರಿಸಿದ್ದು.

ಬಣ್ಣದ ವಿಷಯವೂ ಹಾಗೆಯೇ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬಿಳಿ ಬಟ್ಟೆ ದಿನ ಕಳೆದಂತೆ ಹಳದಿಗೆ ತಿರುಗುತ್ತದೆ. ಅದು ಕೊಳೆ ಅಂದುಕೊಂಡು ಬ್ಲೀಚ್ ಹಾಕಿದರೆ ಇನ್ನೂ ಜಾಸ್ತಿಯಾಗುತ್ತದೆ, ಯಾಕಂದರೆ ಬ್ಲೀಚ್ ಆ ಕಬ್ಬಿಣವನ್ನು ತುಕ್ಕು ಮಾಡಿ ಬಟ್ಟೆಗೇ ಹಿಡಿಸುತ್ತದೆ. ಇನ್ನು ಕಣ್ಣು ಕುಕ್ಕುವ ಬಿಳುಪು ಬರುವುದು ಹೆಚ್ಚಾಗಿ ಸೋಪಿನ ಪುಡಿಯಲ್ಲಿ ಬೆರೆಸಿರುವ ಹೊಳಪಿನ ರಾಸಾಯನಿಕದಿಂದ. ಹಿಂದೆ ನಮ್ಮ ಅಜ್ಜಿಯರು ಕೊನೆಯ ನೀರಿಗೆ ನೀಲಿ ಹಾಕುತ್ತಿದ್ದರಲ್ಲ, ಇದೂ ಆ ಜಾತಿಯದೇ. ನೋಡಲು ಚೆಂದ, ಆದರೆ ಕೊಳೆ ಹೋಗಿದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ.

ಹಾಗಾದರೆ ನೋಡುವುದು ಹೇಗೆ? ಲಾಡ್ಜಿನ ಟವೆಲನ್ನು ಬಿಡಿಸಿ, ಮಡಿಕೆಯ ಒಳಗಿನ ಭಾಗವನ್ನು ಮೂಸಿ. ಆಮೇಲೆ ಅಂಚಿನ ದಪ್ಪ ಹೊಲಿಗೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ನಡುವೆಲ್ಲ ಒಣಗಿದ್ದರೂ ಆ ಹೊಲಿಗೆ ತಣ್ಣಗೆ, ತುಸು ಮೆತ್ತಗೆ ಇದ್ದರೆ ಟವೆಲು ಪೂರ್ತಿ ಒಣಗಿಲ್ಲ. ಮುಗ್ಗಲು ವಾಸನೆ ಹುಟ್ಟುವುದು ಅಲ್ಲೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ಇದನ್ನು ತೋರಿಸಿಕೊಟ್ಟರು. ನನ್ನ ಕೈಕೆಳಗೆ ಬಂದ ಹುಡುಗರಿಗೆಲ್ಲ ನಾನೂ ಮೊದಲು ಹೇಳಿಕೊಟ್ಟಿದ್ದು ಇದನ್ನೇ. ಒಣಗಿರದ ಟವೆಲು ನನ್ನ ಕಣ್ಣು ತಪ್ಪಿಸಿ ರೂಮಿಗೆ ಹೋಗುತ್ತಿರಲಿಲ್ಲ.

ದೊಡ್ಡ ಹೋಟೆಲುಗಳಲ್ಲಿ ಪ್ರತಿ ಹಾಸಿಗೆಗೆ ಕಡಿಮೆ ಅಂದರೂ ಮೂರು ಜೊತೆ ಬಟ್ಟೆ ಇರುತ್ತದೆ. ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಇನ್ನೊಂದು ಬೀರುವಿನಲ್ಲಿ. ಸಣ್ಣ ಲಾಡ್ಜುಗಳು ಎರಡರಲ್ಲೇ ಕಾಲ ಹಾಕುತ್ತವೆ. ಮದುವೆ ಸೀಸನ್ನು, ಜಾತ್ರೆ, ಬೇಸಿಗೆ ರಜೆ ಬಂದರೆ ಬೆಳಗ್ಗೆ ಹನ್ನೊಂದಕ್ಕೆ ಒಬ್ಬರು ರೂಮು ಬಿಡುತ್ತಾರೆ, ಮಧ್ಯಾಹ್ನ ಒಂದಕ್ಕೆ ಇನ್ನೊಬ್ಬರು ಬರುತ್ತಾರೆ. ತಾರಸಿಯ ಹಗ್ಗದ ಮೇಲೆ ಅರ್ಧ ಒಣಗಿದ ಶೀಟಿಗೆ ಇಸ್ತ್ರಿ ತೀಡಿ ಹಾಸದೆ ಅವರಿಗೆ ಬೇರೆ ದಾರಿ ಇಲ್ಲ. ಆ ಹಸಿ ವಾಸನೆ ಮುಚ್ಚಲು ಸೆಂಟು ಸಿಂಪಡಿಸುತ್ತಾರೆ. ಗಿರಾಕಿ ಆಹಾ ಅನ್ನುತ್ತಾನೆ. ಒಗೆಯುವವರು ಸೋಮಾರಿಗಳು ಅಂತ ಇದಕ್ಕೆ ಬೈಯುವುದು ಅನ್ಯಾಯ. ಮೂರನೇ ಜೊತೆ ಶೀಟು ಕೊಳ್ಳಬೇಕಾದವರು ಮಾಲೀಕರು.

ನಮ್ಮಲ್ಲಿ ಒಗೆತ ಶುರುವಾಗುತ್ತಿದ್ದುದು ವಿಂಗಡಣೆಯಿಂದ. ಶೀಟು ಬೇರೆ, ಟವೆಲು ಬೇರೆ, ಅಡುಗೆಮನೆಯ ಒರೆಸುವ ಬಟ್ಟೆ ಬೇರೆ. ಮೊದಲ ನೀರು ತಣ್ಣನೆಯದು. ರಕ್ತದ ಕಲೆಗೆ ಬಿಸಿ ನೀರು ತಾಗಿದರೆ ಅದು ಬೆಂದು ನೂಲಿಗೇ ಕಚ್ಚಿಕೊಳ್ಳುತ್ತದೆ. ಹಾಲು, ಮೊಟ್ಟೆಯದೂ ಇದೇ ಕಥೆ. ಆಮೇಲೆ ಬಿಸಿ ನೀರು, ವಾಷಿಂಗ್ ಸೋಡಾ, ಸೋಪು. ಆಸ್ಪತ್ರೆ ಬಟ್ಟೆಗಳಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಲೆಕ್ಕ ಕನಿಷ್ಠ 71 ಡಿಗ್ರಿ ಬಿಸಿಯಲ್ಲಿ 25 ನಿಮಿಷ. ಹೋಟೆಲಿಗೆ, ಮನೆಗೆ ಅಷ್ಟೆಲ್ಲ ಬೇಕಿಲ್ಲ, 60 ಡಿಗ್ರಿಯಲ್ಲಿ ಹಾಸಿಗೆಯ ಧೂಳುಹುಳ ಸಾಯುತ್ತದೆ. ಜಾಲಾಡಿಸುವಾಗ ಕೊನೆಯ ನೀರಿಗೆ ಸ್ವಲ್ಪ ಹುಳಿ ಪದಾರ್ಥ ಹಾಕಿ ಸೋಡಾದ ಅಂಶ ತೆಗೆಯುತ್ತಿದ್ದೆವು. ಅದು ಉಳಿದರೆ ಇಸ್ತ್ರಿಯ ಬಿಸಿಗೆ ಬಟ್ಟೆ ಹಳದಿಯಾಗುತ್ತದೆ, ಮಲಗಿದವರ ಮೈ ಕೆರೆಯುತ್ತದೆ. ನಮ್ಮ ಮಡಿವಾಳರು ಚೌಳು ಮಣ್ಣಿನ ನೀರಲ್ಲಿ ಅದ್ದಿ ಉಬ್ಬೆಗೆ, ಅಂದರೆ ಹಬೆಯಲ್ಲಿ ಬೇಯಲು, ಹಾಕುತ್ತಿದ್ದುದರ ಹಿಂದೆ ಇದ್ದದ್ದೂ ಇದೇ ತಿಳಿವಳಿಕೆ. ಕ್ಷಾರ, ಹಬೆ, ಸಾಕಷ್ಟು ಹೊತ್ತು, ಆಮೇಲೆ ಹರಿಯುವ ನೀರು. ನಮ್ಮ ಹೋಟೆಲಿನ ಮಷೀನುಗಳು ಅದಕ್ಕಿಂತ ಬೇರೆಯದೇನನ್ನೂ ಮಾಡುತ್ತಿರಲಿಲ್ಲ.

ಈಗ ಮನೆಯ ಮಾತು. ಮನೆಗಳಲ್ಲಿ ನಾನು ಕಾಣುವ ದೊಡ್ಡ ತೊಂದರೆ ಸೋಪಿನ ಪುಡಿ ಜಾಸ್ತಿ ಹಾಕುವುದು. ನೊರೆ ಬಂದರೇ ಕೊಳೆ ಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಮುಂದೆ ಬಾಗಿಲಿರುವ ಮಷೀನಿನಲ್ಲಂತೂ ಬಟ್ಟೆ ಎತ್ತಿ ಬಡಿದು ಬೀಳಬೇಕು. ನೊರೆ ತುಂಬಿಕೊಂಡರೆ ಮೆತ್ತಗೆ ಬೀಳುತ್ತದೆ, ಉಜ್ಜಾಟವೇ ಆಗುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಒಗೆದು ಮಡಿಚಿಟ್ಟ ನಾಲ್ಕು ಟವೆಲುಗಳನ್ನು ಪುಡಿ ಹಾಕದೆ ಬರೀ ನೀರಲ್ಲಿ ಮಷೀನಿಗೆ ಬಿಡಿ. ಐದು ನಿಮಿಷದಲ್ಲಿ ಗಾಜಿನ ಬಾಗಿಲಿಗೆ ನೊರೆ ಹತ್ತಬಹುದು. ಅದು ಹಿಂದಿನ ಒಗೆತಗಳಲ್ಲಿ ಉಳಿದುಕೊಂಡ ಸೋಪು. ಮಕ್ಕಳ ಕುತ್ತಿಗೆ, ಕಂಕುಳಲ್ಲಿ ಕಾರಣವಿಲ್ಲದೆ ತುರಿಕೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಜೊತೆಗೆ ಇದನ್ನೂ ನೋಡಿ.

ಪುಡಿ ಎಷ್ಟು ಎಂಬುದು ನಿಮ್ಮ ನೀರನ್ನು ಅವಲಂಬಿಸಿದೆ. ಮೈಸೂರಿನ ಕಾವೇರಿ, ಕಬಿನಿ ನೀರಿಗೆ ಸಾಕಾಗುವಷ್ಟು ಪುಡಿ ಕೋಲಾರದ ಬೋರ್‌ವೆಲ್ ನೀರಿಗೆ ಸಾಲುವುದಿಲ್ಲ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿದರೆ, ಬಾರ್ ಸೋಪು ಉಜ್ಜಿದಾಗ ನೊರೆಯ ಬದಲು ಮೊಸರಿನಂತೆ ಒಡೆದರೆ, ನಿಮ್ಮದು ಗಡಸು ನೀರು. ಅಂಥ ಕಡೆ ಪುಡಿ ಜಾಸ್ತಿ ಸುರಿಯುವ ಬದಲು ನೀರಿಗೆ ಮೊದಲು ಒಂದು ಚಮಚ ವಾಷಿಂಗ್ ಸೋಡಾ ಹಾಕಿ. ಸುಣ್ಣದಂಶವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಸೋಪು ತನ್ನ ಕೆಲಸ ಮಾಡುತ್ತದೆ. ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆ, ಉಣ್ಣೆಗೆ ಸೋಡಾ ತಾಗಿಸಲೇಬೇಡಿ, ಅವಕ್ಕೆ ಅಂಟುವಾಳದ ನೀರೇ ಸಾಕು.

ಅರಿಸಿನದ ಕಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲಿ ದಿನಾ ಆಗುವ ಕಲೆ ಅದು. ಸೋಪು ತಾಗಿದ ಕೂಡಲೇ ಕುಂಕುಮದ ಹಾಗೆ ಕೆಂಪಾಗುತ್ತದೆ. ಗಾಬರಿಯಾಗಿ ಬ್ಲೀಚ್ ಸುರಿಯುತ್ತಾರೆ, ಬಟ್ಟೆಯ ಬಣ್ಣವೇ ಹೋಗುತ್ತದೆ. ಕ್ಷಾರ ತಾಗಿದರೆ ಅರಿಸಿನ ಕೆಂಪಾಗುವುದು ಅದರ ಗುಣ. ಸೋಪು ಪೂರ್ತಿ ಹೋಗುವಂತೆ ಜಾಲಾಡಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಆಮೇಲೆ ಸುಮ್ನೆ ಬಿಸಿಲಿಗೆ ಹರವಿ. ಅರಿಸಿನಕ್ಕೆ ಬಿಸಿಲು ತಡೆಯುವ ಶಕ್ತಿ ಇಲ್ಲ, ಎರಡು ಮೂರು ದಿನದಲ್ಲಿ ಮಸುಕಾಗುತ್ತದೆ.

ಎಣ್ಣೆ ಸ್ನಾನದ ಟವೆಲುಗಳನ್ನು ಉಳಿದ ಬಟ್ಟೆ ಜೊತೆ ಹಾಕಬೇಡಿ. ತಣ್ಣೀರಿಗೆ ಎಣ್ಣೆ ಬಿಡುವುದಿಲ್ಲ, ಒಳಗೇ ಉಳಿದು ಕಮಟು ವಾಸನೆ ಬರುತ್ತದೆ. ಬಿಸಿ ನೀರು, ಸೋಡಾದಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಎಣ್ಣೆ ಮಸಾಜು ಮಾಡುವ ರೆಸಾರ್ಟುಗಳಿಗೆ ಇದು ಜೀವದ ಪ್ರಶ್ನೆ. ಎಣ್ಣೆ ಉಳಿದ ಟವೆಲುಗಳನ್ನು ಡ್ರೈಯರಿನಿಂದ ತೆಗೆದು ಬಿಸಿಬಿಸಿಯಾಗಿ ಗುಡ್ಡೆ ಹಾಕಿಟ್ಟರೆ ಒಳಗೊಳಗೇ ಕಾವು ಹೆಚ್ಚಿ ತಾನಾಗಿ ಬೆಂಕಿ ಹತ್ತಬಹುದು. ಟವೆಲಿಗೆ ಮೃದುವಾಗಲೆಂದು ಹಾಕುವ ದ್ರವ ಕೂಡ ಬೇಡ. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಟವೆಲು ನೀರನ್ನೇ ಹೀರುವುದಿಲ್ಲ.

ಲಾಡ್ಜಿನವರಿಗೆ ಇನ್ನೊಂದು ಮನವಿ. ಬ್ಲೀಚ್ ಮತ್ತು ಬಾತ್‌ರೂಮಿನ ಆಸಿಡ್ ಒಂದೇ ಕೋಣೆಯಲ್ಲಿ ಇಡಬೇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕೆಲಸದ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಕೈಗವಸಂತೂ ಕೊಡಲೇಬೇಕು, ಸೋಡಾ ನೀರಲ್ಲಿ ದಿನವಿಡೀ ಇದ್ದ ಕೈಗಳು ಬಿರುಕು ಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಉಳಿಯುವವರೂ ಟವೆಲಿನಲ್ಲಿ ಶೂ ಒರೆಸುವುದು, ತಲೆಗೆ ಹಚ್ಚಿದ ಬಣ್ಣ ಒರೆಸುವುದು ಬಿಡಬೇಕು. ಅದನ್ನು ತೆಗೆಯಲು ಹಾಕುವ ಬ್ಲೀಚೇ ಹತ್ತಿಯನ್ನು ಚಿಂದಿ ಮಾಡುವುದು.

ನಾವು ಸುರಿದ ಸೋಪೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೆಂಗಳೂರಿನವರು ಬೆಳ್ಳಂದೂರು ಕೆರೆಯಲ್ಲಿ ನೋಡಿದ್ದಾರೆ. ಚರಂಡಿ ನೀರು, ಸೋಪು ಸೇರಿ ಎದ್ದ ನೊರೆ ರಸ್ತೆಗೆ ಹಾರಿ ಬಂದಿತ್ತು. 2015ರಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತ್ತು.

ಕೊನೆಯದಾಗಿ ಹೊದಿಕೆ. ಶೀಟಿನ ಬಗ್ಗೆ ಇಷ್ಟು ದೂರುವ ನಾವು ಅದರ ಮೇಲಿನ ರಗ್ಗನ್ನು ಕೇಳುವುದೇ ಇಲ್ಲ. ಅದು ದಪ್ಪ, ಒಣಗುವುದು ನಿಧಾನ, ಹಾಗಾಗಿ ಒಗೆಯುವುದು ಅಪರೂಪ. ರೈಲಿನ ಕಂಬಳಿಗಳನ್ನು ತಿಂಗಳಿಗೆ ಕನಿಷ್ಠ ಒಂದು ಸಲ ಒಗೆಯುತ್ತೇವೆ, ಅದರ ಹೊದಿಕೆಯಾಗಿ ಇನ್ನೊಂದು ಶೀಟು ಕೊಡುತ್ತೇವೆ ಎಂದು ರೈಲ್ವೆ ಸಚಿವರು 2024ರ ನವೆಂಬರಿನಲ್ಲಿ ಲೋಕಸಭೆಗೆ ತಿಳಿಸಿದ್ದರು. ತಿಂಗಳಿಗೊಂದು ಸಲ ಸಾಲದು ಎಂದೇ ನನ್ನ ಅಭಿಪ್ರಾಯ. ಆದರೆ ಆ ಇನ್ನೊಂದು ಶೀಟಿನ ಉಪಾಯ ಒಳ್ಳೆಯದು. ಪ್ರತಿ ಲಾಡ್ಜೂ ಅದನ್ನು ಮಾಡಬಹುದು, ಖರ್ಚೂ ಜಾಸ್ತಿ ಇಲ್ಲ. ಹೋಟೆಲುಗಳ ಅಡುಗೆಮನೆ ನೋಡಲು ಬರುವ ಅಧಿಕಾರಿಗಳು ಶೀಟಿಡುವ ಬೀರುವನ್ನೂ ಒಮ್ಮೆ ತೆಗೆಸಿ, ಹಾಸಿಗೆಗೆ ಎಷ್ಟು ಜೊತೆ ಇದೆ ಎಂದು ಎಣಿಸಲಿ. ಪತ್ರ ಬರೆದ ಆ ಓದುಗರು ಮುಂದಿನ ಸಲ ಕೌಂಟರಿನಲ್ಲಿ, ರಗ್ಗಿಗೆ ಒಗೆದ ಶೀಟೊಂದು ಕೊಡಿ ಎಂದು ಕೇಳಿ ಪಡೆಯಲಿ.

– ನಿವೃತ್ತ ಲಾಂಡ್ರಿ ಮೇಲ್ವಿಚಾರಕಿ, ಕುವೆಂಪುನಗರ, ಮೈಸೂರು